ಮುತ್ತಿನಪುರದ ದೂರ

“ಹೊಂಬಾಳೆಪಟ್ಟಣದ ಮಹಾಜನರೇ! ರಾಜಕುಮಾರಿ ಹೊನ್ನಾಂಬಿಕೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ ಹಿಡಿಯುವ ಭಾಗ್ಯ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ. ಇದು ಚಿತ್ರಸೇನ ಮಹಾರಾಜರ ಆಜ್ಞೆ!”

ಡಂಗುರ ಕೇಳಿ, ಮಂಡಕ್ಕಿ ಮಾರುವ ಕೆಂಚನ ಎದೆ ಡವಡವ ಅಂದಿತು. ರಾಜನ ಬಳಿ ಆನೆ ಗಾತ್ರದ ಒಂದು ಹಕ್ಕಿ ಇತ್ತು. ಹೊನ್ನಾಂಬಿಕೆ ಅದರ ಬೆನ್ನೇರಿ ದೂರದ ಮುತ್ತಿನಪುರಕ್ಕೆ, ಅಜ್ಜಿಯ ಮನೆಗೆ ಹೋಗಿಬರುತ್ತಿದ್ದಳು. ಒಮ್ಮೆ ಹಕ್ಕಿ ಇಳಿಯುವಾಗ ರೆಕ್ಕೆಯ ಗಾಳಿಗೆ ಕೆಂಚನ ಮಂಡಕ್ಕಿಯೆಲ್ಲ ಹಾರಿಹೋಗಿತ್ತು. ಅವಳು ಕೆಳಗಿಳಿದು, ನಗುತ್ತಾ ಅವನ ಜೊತೆ ಕೂತು ಆರಿಸಿಕೊಟ್ಟಿದ್ದಳು. ಅಂದಿನಿಂದ ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ.

“ಬೇಡ ಮಗನೇ, ನನಗಿರೋನು ನೀನೊಬ್ಬನೇ” ಎಂದಳು ತಾಯಿ ಸಿರಿಯವ್ವ.

“ಹೋಗದೇ ಇದ್ರೆ ಬದುಕಿದ್ದೂ ಕೊರಗ್ತೀನಿ ಕಣವ್ವಾ” ಎಂದು ಕೆಂಚ ಹೊರಟೇಬಿಟ್ಟ.

ಸಭೆಯಲ್ಲಿ ಇಬ್ಬರು ಅವನಿಗಿಂತ ಮುಂದಿದ್ದರು. ಹೊನ್ನಾಂಬಿಕೆ ಕೇಳಿದಳು: “ಇಲ್ಲಿಂದ ಮುತ್ತಿನಪುರಕ್ಕೆ ಕಾಡುಮೇಡು ಸುತ್ತಿ ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ದಿನದ ಇನ್ನೊಂದು ದಾರಿಯೂ ಇದೆ. ಎಷ್ಟು ಓಡಾಡಿದರೂ ಅದರಲ್ಲಿ ಹೆಜ್ಜೆಗುರುತು ಮೂಡುವುದಿಲ್ಲ. ಯಾವುದದು?”

“ಹೊಳೆ” ಎಂದ ನೆರೆನಾಡಿನ ರಾಜಕುಮಾರ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

“ಆಕಾಶ” ಎಂದ ದಂಡನಾಯಕನ ಮಗ. ಹೊನ್ನಾಂಬಿಕೆ ತಲೆದೂಗಿ ಎರಡನೆಯದನ್ನು ಕೇಳಿದಳು: “ಹಕ್ಕಿಯೂ ಅದೇ, ದೂರವೂ ಅದೇ. ಬೆಳಗ್ಗೆ ಹೊರಟರೆ ಅಲ್ಲಿಗೆ ಮುಟ್ಟುವಾಗ ಸಂಜೆ. ಅಲ್ಲಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೇ ಇಲ್ಲಿ. ಯಾಕೆ?”

“ಗೂಡಿನ ಸೆಳೆತ, ರಾಜಕುಮಾರಿ.”

“ಹಕ್ಕಿಯ ಗೂಡು ಇರುವುದು ಮುತ್ತಿನಪುರದಲ್ಲಿ” ಎಂದಳವಳು. ಅವನನ್ನೂ ಒಯ್ದರು.

ಕೆಂಚ ಮುಂದೆ ಬಂದ. “ಆಕಾಶ ಅನ್ನೋದು ಆಗ್ಲೇ ಗೊತ್ತಾಯ್ತು ರಾಜಕುಮಾರಿ. ಎರಡನೇದು ಗಾಳಿ. ಹೋಗುವಾಗ ಎದೆಗೆ ಹೊಡೆಯುತ್ತೆ, ಬರುವಾಗ ಬೆನ್ನಿಂದ ನೂಕುತ್ತೆ.”

ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. “ಹಕ್ಕಿ ಏರಿದವರಿಗೆ ಅದು ಒಂದು ದಿನದ ದಾರಿ. ಒಂದು ಹೆಜ್ಜೆಯನ್ನೂ ಇಡದೆ, ಅದಕ್ಕಿಂತ ಉದ್ದದ ದಾರಿ ಸವೆಸುವವರು ಯಾರು?”

ಕೆಂಚ ತಲೆ ತಗ್ಗಿಸಿದ. ಭಟರು ಹತ್ತಿರ ಸರಿದರು. ಮನೆಯಲ್ಲಿ ಅವ್ವ ಹೊಸ್ತಿಲಲ್ಲೇ ಕೂತು ದಾರಿ ನೋಡುತ್ತಿರಬಹುದು ಅನ್ನಿಸಿತು ಅವನಿಗೆ. ತಟ್ಟನೆ ತಲೆಯೆತ್ತಿದ.

“ಮನೇಲಿ ಕಾಯೋರು, ರಾಜಕುಮಾರಿ. ಹೋದೋರಿಗೆ ದಾರಿ ಕಾಣ್ತಾ ಹೋಗುತ್ತೆ, ಸವೆಯುತ್ತೆ. ಕಾಯೋರಿಗೆ ಏನೂ ಕಾಣಲ್ಲ. ಅದಕ್ಕೇ ಅದು ಮುಗಿಯೋದೇ ಇಲ್ಲ.”

ಮಗಳು ಹಾರಿದಾಗಲೆಲ್ಲ ಉಪ್ಪರಿಗೆಯಲ್ಲಿ ನಿಂತು ಕಾಯುತ್ತಿದ್ದ ರಾಜ ಕಣ್ಣೊರೆಸಿಕೊಂಡ. “ಏನು ಬೇಕೋ ಕೇಳಪ್ಪ. ನನ್ನ ಮಗಳಂತೂ ನಿನ್ನವಳಾದಳು.”

“ಸೆರೆಯಲ್ಲಿರೋರನ್ನ ಬಿಟ್ಟುಬಿಡಿ ಮಹಾಸ್ವಾಮಿ. ಅವರ ಮನೆಯೋರೂ ಕಾಯ್ತಿರ್ತಾರೆ.”

ಹೊನ್ನಾಂಬಿಕೆ ತಾನೇ ಬೀಗದ ಕೈ ತೆಗೆದುಕೊಂಡು ಓಡಿದಳು.

ಬಿಡುಗಡೆಯಾದ ಇಬ್ಬರೂ ಮದುವೆಯ ಊಟ ಉಂಡೇ ಮನೆಗೆ ಹೋದರು. ಮರುದಿನ ಅಜ್ಜಿಯ ಆಶೀರ್ವಾದಕ್ಕೆಂದು ಹಕ್ಕಿ ನಾಲ್ವರನ್ನು ಹೊತ್ತು ಮೇಲೇರಿತು. ಕೆಂಚ, ಹೊನ್ನಾಂಬಿಕೆ ಮುಂದೆ ಕೂತು ಮೋಡ ಮುಟ್ಟುತ್ತಿದ್ದರು. ಹಿಂದೆ ರಾಜನ ಪಕ್ಕದಲ್ಲಿ ಸಿರಿಯವ್ವ ಕಣ್ಣು ಮುಚ್ಚಿ ಕೂತಿದ್ದಳು.

“ಇನ್ನೂ ಎಷ್ಟು ದೂರ, ಬೀಗರೇ?”

“ಗೊತ್ತಿಲ್ಲ ತಾಯಿ” ಎಂದ ರಾಜ, ಪುಕ್ಕವನ್ನು ಗಟ್ಟಿಯಾಗಿ ಹಿಡಿದು. “ನಾನೂ ಕಣ್ಣು ಬಿಟ್ಟಿಲ್ಲ.”