ಒಡಪಿನಹಾಳದ ನಿಲ್ದಾಣ

ಕೋಟಿಹಾಳ ತಾಲೂಕಿನ ಎರೆಭೂಮಿಯ ನಡುವೆ ಹಾದುಹೋಗುವ ರೈಲುಹಾದಿಯ ಮೇಲೆ ಮೊದಲು ಒಂಬತ್ತು ನಿಲ್ದಾಣಗಳಿದ್ದವು. ಈಗ ಉಳಿದಿರುವುದು ಮೂರೇ ಮೂರು. ಹುಣಸೀಕಟ್ಟಿಯ ನಿಲ್ದಾಣದಲ್ಲಿ ಮೇವು ಒಟ್ಟುತ್ತಾರೆ. ಟಿಕೀಟು ಕೊಡುತ್ತಿದ್ದ ಕಿಂಡಿಯಿಂದ ಈಗ ಒಂದು ಕರು ಮೂತಿ ಹೊರಹಾಕಿ ಹಾದಿಹೋಕರನ್ನು ನೋಡುತ್ತದೆ. ಕೊಕ್ಕರಗುಂಡಿಯ ನಿಲ್ದಾಣದ ಚಾವಣಿ ಸೀಳಿಕೊಂಡು ಅರಳಿಮರ ಎದ್ದಿದೆ. ಬನ್ನಿಹಾಳದ್ದಂತೂ ಬರೀ ಕಲ್ಲುಕಟ್ಟೆಯಾಗಿ ಜೋಳದ ಹೊಲದಲ್ಲಿ ಮುಳುಗಿದೆ. ಸುಗ್ಗಿ ಮುಗಿದ ಮೇಲೆ ನಾಲ್ಕು ದಿನ ತಲೆ ತೋರಿಸಿ, ಪೈರು ಎದ್ದಮೇಲೆ ಮತ್ತೆ ಮರೆಯಾಗುತ್ತದೆ. ಅಂಥ ದೊಡ್ಡ ಊರುಗಳ ನಿಲ್ದಾಣಗಳೇ ಹೀಗೆ ಹೇಳಹೆಸರಿಲ್ಲದೆ ಹೋದರೂ ನಲವತ್ತು ಹೆಜ್ಜೆಗೆ ಮುಗಿದುಹೋಗುವ ಒಡಪಿನಹಾಳದ ನಿಲ್ದಾಣ ಮಾತ್ರ ಸುಣ್ಣ ಬಳಿದುಕೊಂಡು ಮದುಮಗಳ ಹಾಗೆ ಕೂತಿದೆ. ಇನ್ನೂ ಒಂದು ಸೋಜಿಗ ಕೇಳಿ. ಒಡಪಿನಹಾಳ ಎಂಬ ಊರೇ ಇಲ್ಲ. ನಿಲ್ದಾಣದಿಂದ ಇಳಿದು ಬೇವಿನ ಸಾಲು ದಾಟಿದರೆ ಸಿಗುವ ಊರಿನ ಹೆಸರು ಅಡಿವೆಪ್ಪನಹಾಳ. ಊರಿಗೊಂದು ಹೆಸರು, ನಿಲ್ದಾಣಕ್ಕೊಂದು ಹೆಸರು ಯಾಕೆ ಬಂತು ಎಂದು ಕೇಳಿದರೆ ಅಲ್ಲಿಯ ಹೆಂಗಸರು ಮೊದಲು ನಗುತ್ತಾರೆ, ಆಮೇಲೆ ತಿರಕವ್ವನ ಹೆಸರು ತೆಗೆಯುತ್ತಾರೆ.

ಹಿಂದೆ ಒಮ್ಮೆ, ಈ ನಾಡಿಗೆ ರೈಲುಹಾದಿ ಹೊಸದಾಗಿ ಬಿದ್ದ ಕಾಲ. ಊರನ್ನು ಕಟ್ಟಿದ ಹಿರಿಯನ ಹೆಸರು ಅಡಿವೆಪ್ಪ. ಆತನ ಮನೆತನದಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಆ ರೂಢಿಯಂತೆ ತಿರಕವ್ವನ ಗಂಡನೂ ಅಡಿವೆಪ್ಪನೇ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದೆಂಬುದು ಆಗ ಕಲ್ಲಿನಲ್ಲಿ ಕೊರೆದಂಥ ನೇಮ. ಆಡಲೇಬೇಕಾದರೆ ಮದುವೆ, ಕುಬಸದಂಥ ಶುಭಕಾರ್ಯದಲ್ಲಿ ನಾಲ್ಕು ಸಾಲಿನ ಒಡಪು ಕಟ್ಟಿ, ಆ ಒಡಪಿನ ಮಡಿಲಲ್ಲಿ ಹೆಸರನ್ನು ಇಟ್ಟು ಹೇಳಬೇಕು. ಊರಿಗೆ ಊರೇ ಒಂದೇ ಮನೆತನದ ಕವಲು. ಹಾಗಾಗಿ ಅಡಿವೆಪ್ಪ ಎಂಬುದು ಒಬ್ಬಳಿಗೆ ಗಂಡನ ಹೆಸರಾದರೆ ಇನ್ನೊಬ್ಬಳಿಗೆ ಭಾವನದು, ಮತ್ತೊಬ್ಬಳಿಗೆ ಮಾವನದು. ಸೊಸೆಯಾಗಿ ಬಂದವರು ಯಾರೂ ಊರಿನ ಹೆಸರನ್ನು ಹೇಳುತ್ತಿರಲಿಲ್ಲ. "ನಮ್ಮೂರು" ಎಂದರೆ ಸಾಕಾಗಿತ್ತು.

ಹಾದಿ ಬಿದ್ದಮೇಲೆ ಎಲ್ಲೆಲ್ಲಿ ಬಂಡಿ ನಿಲ್ಲಬೇಕೆಂದು ಊರುಗಳ ಹೆಸರು ಬರೆದುಕೊಳ್ಳಲು ಒಬ್ಬ ಸಾಹೇಬ ಹಳಿಯ ಮೇಲೆ ಓಡುವ ತಳ್ಳುಗಾಡಿಯಲ್ಲಿ ಕೂತು ಬಂದನಂತೆ. ಜೊತೆಗೆ ವರದಯ್ಯನೆಂಬ ಗುಮಾಸ್ತ. ದೂರದ ಸೀಮೆಯವನು, ಕನ್ನಡ ಬರುತ್ತಿತ್ತು, ಈ ಕಡೆಯ ರೀತಿ ರಿವಾಜು ತಿಳಿಯದು. ಅದು ತೆನೆ ಕಾಯುವ ಕಾಲ. ಗಂಡಸರು, ಮಕ್ಕಳು ಎಲ್ಲರೂ ಕವಣೆ ಹಿಡಿದು ಹಕ್ಕಿ ಓಡಿಸಲು ಹೊಲ ಸೇರಿದ್ದರು. ಹಾದಿಯ ಪಕ್ಕದಲ್ಲಿ ತಿರಕವ್ವ ಒಬ್ಬಳೇ ಕುಳ್ಳು ತಟ್ಟುತ್ತಿದ್ದಳು.

"ಇದು ಯಾವ ಊರಮ್ಮಾ?" ಎಂದ ವರದಯ್ಯ.

"ನಮ್ಮೂರ್ರೀ."

"ಹೆಸರೇನು?"

ತಿರಕವ್ವ ಸಗಣಿ ಕೈಯನ್ನು ಹಿಂದೆ ಸರಿಸಿ, ಮೊಣಕೈಯಿಂದ ಸೆರಗು ಮುಂದೆಳೆದುಕೊಂಡು ನಕ್ಕಳು. "ನಮ್ಮ ಮನಿಯವರ ಹೆಸರೇ ಐತ್ರಿ."

"ನಿಮ್ಮ ಮನೆಯವರ ಹೆಸರೇನು?"

"ಅಯ್ಯ, ಈ ಊರಿಂದೇ ಅಲ್ರೀ!"

ಬಾವಿಯ ಕಡೆಯಿಂದ ಇನ್ನೂ ನಾಲ್ಕು ಹೆಂಗಸರು ಬಂದರು. ಕೇಳಿದರೆ ಒಬ್ಬಳು ನಾಲಿಗೆ ಕಚ್ಚಿಕೊಂಡಳು, ಒಬ್ಬಳು ಆಕಾಶ ನೋಡಿದಳು. ಮೂರನೆಯವಳು, "ಹೊಲದಾಗ ಗಂಡಸೂರದಾರ, ಅಲ್ಲಿ ಹೋಗಿ ಕೇಳ್ರಿ" ಎಂದು ಎರಡು ಮೈಲಿ ಆಚೆಗೆ ಕೈ ತೋರಿಸಿದಳು. ಸಾಹೇಬನಿಗೆ ಬಿಸಿಲು ನೆತ್ತಿಗೇರಿತ್ತು. ಹೆಸರೇ ಇಲ್ಲದ ಊರಿಗೆ ನಿಲ್ದಾಣವೆಲ್ಲಿಂದ ಬರಬೇಕು ಎಂದು ಗೊಣಗಿ, "ಇಲ್ಲಿ ಊರಿಲ್ಲ" ಎಂದು ಕಾಗದದಲ್ಲಿ ಬರೆಸಿ ತಳ್ಳುಗಾಡಿ ತಳ್ಳಿಸಿಕೊಂಡು ಹೋದ.

ಉಗಿಬಂಡಿ ಓಡಾಡತೊಡಗಿತು. ಎಂಟು ಊರಿನಲ್ಲಿ ನಿಂತಿತು, ಇವರ ಊರಿನಲ್ಲಿ ಮಾತ್ರ ಕೂಗು ಹಾಕಿ ಮುಂದೆ ಹೋಯಿತು. ಊರಿನವರ ಹೊಟ್ಟೆಯುರಿ ಕೇಳಬೇಡಿ. ಮಳೆಗಾಲ ಬಂತೆಂದರೆ ಎರೆಮಣ್ಣು ಚಕ್ಕಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಆ ಕಡೆಯ ಹಳ್ಳ ತುಂಬಿದರೆ ಮೂರು ತಿಂಗಳು ಊರು ನಡುಗಡ್ಡೆ. ಬಂಡಿಯೊಂದು ನಿಂತಿದ್ದರೆ ಎಷ್ಟು ಜೀವ ಹಗುರಾಗುತ್ತಿತ್ತು! ಊರವರೆಲ್ಲ ತಿರಕವ್ವನನ್ನೇ ಆಡಿಕೊಂಡರು. ನೀರಿಗೆ ಹೋದರೆ, "ಬಂದಳು ನೋಡ್ರೆವ್ವ, ನಾಚಿಕೊಂಡು ಊರಿಗೇ ಬಾಗಿಲ ಹಾಕಿದಾಕಿ" ಎನ್ನುತ್ತಿದ್ದರು. ಅವತ್ತು ಆಕಾಶ ನೋಡಿದವಳೂ ದನಿಗೂಡಿಸುತ್ತಿದ್ದಳು. ಅಡಿವೆಪ್ಪ ಎರಡು ದಿನ ಉಣ್ಣದೆ ಕೂತ. ಮೂರನೆಯ ದಿನ ರೊಟ್ಟಿ ಮುರಿಯುತ್ತ, "ನೀ ಹೇಳಿದ್ರೂ ಬೈತಿದ್ದೆ, ಹೇಳ್ದಿದ್ದಕ್ಕೂ ಬೈಯಾಕತ್ತೀನಿ. ಇದರಾಗ ನಿಂದೇನ ತಪ್ಪೈತಿ, ನನಗ ತಿಳೀವಲ್ದು" ಎಂದ. ಆ ಮಾತಿಗೆ ತಿರಕವ್ವನ ಕಣ್ಣು ತುಂಬಿತು. ಗಂಡಸರು ರೈಲಿನ ಕಚೇರಿಗೆ ಅರ್ಜಿ ಬರೆಸಿ ಕಳಿಸಿದರು. ನಮ್ಮ ಕಾಗದದಲ್ಲಿ ಅಲ್ಲಿ ಊರೇ ಇಲ್ಲ ಎಂಬ ಉತ್ತರ ಬಂತು. ಬೇವಿನ ಮರದ ಕೆಳಗೆ ಕೂತು ಆ ಉತ್ತರವನ್ನು ಊರಿಗೆ ಊರೇ ಕೇಳಿಸಿಕೊಂಡಿತು.

ಅಷ್ಟರಲ್ಲಿ ಶ್ರಾವಣ ಬಂತು. ತಿರಕವ್ವನ ಒಬ್ಬಳೇ ಮಗಳು ಗುರವ್ವನನ್ನು ಕೋಟಿಹಾಳಕ್ಕೆ ಕೊಟ್ಟಿತ್ತು. ಅತ್ತೆಮನೆಯಲ್ಲಿ ಕುಬಸವಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಿದ್ದಳು. ಸೋಮವಾರದ ಬಂಡಿಗೆ ಹತ್ತಿಸುತ್ತೇವೆ, ಬನ್ನಿಹಾಳದಲ್ಲಿ ಇಳಿಸಿಕೊಳ್ಳಿ ಎಂದು ಬೀಗರು ಹೇಳಿಕಳಿಸಿದರು. ಬನ್ನಿಹಾಳ ಹಳ್ಳದ ಆಚೆ ದಂಡೆ. ಹಳ್ಳ ಆನೆಯನ್ನೂ ಉರುಳಿಸುವಂತೆ ಹರಿಯುತ್ತಿತ್ತು. ತುಂಬಿದ ಬಸುರಿ ಅಲ್ಲಿ ಇಳಿದು ಮಾಡುವುದೇನು? ಮಗಳು ತನ್ನ ಮನೆಯ ಬೇವಿನ ಮರವನ್ನು ಕಿಟಕಿಯಿಂದ ನೋಡುತ್ತ ದಾಟಿಹೋಗಬೇಕೆ? ಒಲೆಯ ಮುಂದೆ ಕೂತಿದ್ದ ತಿರಕವ್ವನ ಎದೆಯಲ್ಲಿ ಆಗ ಒಂದು ಮಾತು ಹೊಳೆಯಿತು ಎನ್ನುತ್ತಾರೆ. ಹೊಸ ಮದುಮಕ್ಕಳು ಮನೆಗೆ ಬಂದಾಗ ಹೆಣ್ಣುಮಕ್ಕಳು ಆರತಿ ಹಿಡಿದು ಬಾಗಿಲು ತಡೆಯುವುದಿಲ್ಲವೇ? ಒಡಪಿನಲ್ಲಿ ಹೆಸರು ಹೇಳುವತನಕ ಯಾವ ದೊರೆಮಗನೂ ಹೊಸ್ತಿಲು ದಾಟುವಂತಿಲ್ಲ. ರೈಲುಹಾದಿಯೂ ಊರಿನ ಹೊಸ್ತಿಲೇ ಅಲ್ಲವೇ!

ಸೋಮವಾರ ಹೊತ್ತು ಏರುವಾಗ ತಿರಕವ್ವ ಆರತಿ ತಟ್ಟೆ ಹಿಡಿದು ಹೊರಟಳು. ಆಡಿಕೊಳ್ಳುತ್ತಿದ್ದ ಹೆಂಗಸರು, "ಎಲ್ಲಿಗೇ ಯಕ್ಕಾ?" ಎಂದರು. "ಬೀಗರ ಬಂಡಿ ಬರ್ತೈತಿ, ಬಾಗಿಲ ತಡಿಯಾಕ" ಎಂದಳು. ಆ ಮಾತು ಕೇಳಿ ಮನೆಯೊಳಗೆ ನಿಲ್ಲುವ ಹೆಂಗಸು ಎಲ್ಲಿದ್ದಾಳೆ? ನೋಡನೋಡುತ್ತ ಇಪ್ಪತ್ತೆರಡು ಆರತಿ ಸಾಲಾದವು. ಊರ ಮುಂದಿನ ಏರಿನಲ್ಲಿ ಬಂಡಿ ಎತ್ತಿನ ನಡೆಗಿಂತ ನಿಧಾನವಾಗಿ ಏದುಸಿರು ಬಿಡುತ್ತ ಬರುತ್ತಿತ್ತು. ಹೆಂಗಸರು ಹಳಿಗಳ ಮೇಲೆ ಅಡ್ಡ ನಿಂತರು. ಕಬ್ಬಿಣದ ಆ ದೈತ್ಯ ಕೂಗಿದ ಕೂಗಿಗೆ ಒಬ್ಬಿಬ್ಬರ ತಟ್ಟೆ ನಡುಗಿತು, ತಿರಕವ್ವನ ದೀಪ ಮಾತ್ರ ಅಲುಗಲಿಲ್ಲ. ಬಂಡಿ ಅವಳಿಂದ ಹತ್ತು ಮಾರು ದೂರದಲ್ಲಿ ನಿಂತಿತು.

ಹಿಂದೆ ಊರ ಹೆಸರು ಬರೆದುಕೊಳ್ಳಲು ಬಂದಿದ್ದ ಸಾಹೇಬನೂ ಗುಮಾಸ್ತನೂ ಅದೇ ಬಂಡಿಯಲ್ಲಿದ್ದರು. ಸಾಹೇಬ ಕೆಂಪಾಗಿ ಇಳಿದು ಬಂದ. ಬಂಡಿ ನಡೆಸುತ್ತಿದ್ದ ಇಮಾಮಸಾಬ ಇದೇ ಸೀಮೆಯವನು. ಯಾಕೆ ನಿಲ್ಲಿಸಿದೆ ಎಂದು ಗದರಿದರೆ, "ಆರತಿ ದಾಟಿ ಹೋದೆ ಅಂತ ಗೊತ್ತಾದ್ರ ನಮ್ಮ ಮನಿಯಾಕಿ ನನ್ನ ಒಳಗ ಬಿಟ್ಟಾಳೇನ್ರಿ ಸಾಹೇಬ್ರ?" ಎಂದು ಬೆವರು ಒರೆಸಿಕೊಂಡನಂತೆ. ವರದಯ್ಯ ತಿರಕವ್ವನ ಗುರುತು ಹಿಡಿದು, "ಹೆಸರಿಲ್ಲದ ಊರಿನವರು ಇವರೇ!" ಎಂದ.

"ಹೌದ್ರೀ," ಎಂದಳು ತಿರಕವ್ವ. "ನೀವು ಹೆಸರು ಕೇಳಿದ್ರಿ, ಒಡಪು ಕೇಳಲಿಲ್ಲ. ಈಗ ಕೇಳ್ರಿ." ಹಿಂದೆ ಗಂಡಸರೆಲ್ಲ ಓಡಿಬಂದು ನಿಂತಿದ್ದರು. ಅಡಿವೆಪ್ಪನೂ ಇದ್ದ. ಅವಳು ಆರತಿಯನ್ನು ಎದೆಯ ಮಟ್ಟಕ್ಕೆ ಎತ್ತಿ, ಇಡೀ ಬಂಡಿಗೆ ಕೇಳುವಂತೆ ಹೇಳಿದಳು:

"ಎರಿ ಹೊಲಕ್ಕ ಚಂದ ಬಿಳಿಜ್ವಾಳದ ತೆನಿ,
ಏರಿಗೆ ಚಂದ ಉಗಿಬಂಡಿಯ ದನಿ,
ಆರತಿ ಹಿಡಿದು ಹೇಳತೀನಿ, ಕೇಳಿರೆಲ್ಲ ಮಂದಿ,
ಅಡಿವೆಪ್ಪನವರ ಊರಾಗ ನಿಲ್ಲಬೇಕು ಈ ಬಂಡಿ!"

ಬಂಡಿಯೊಳಗಿದ್ದ ಹೆಂಗಸರೆಲ್ಲ ಕಿಟಕಿಗೆ ಬಂದು "ಸೋ" ಎಂದು ಸೋಬಾನೆಯ ದನಿಗೂಡಿಸಿದರು. ಕೊನೆಯ ಡಬ್ಬಿಯಿಂದ, "ಅವ್ವಾ, ನಾ ಇಲ್ಲೇ ಅದೀನಿ!" ಎಂದು ಗುರವ್ವನ ದನಿ ಬಂತು. ವರದಯ್ಯ ಒಡಪಿನ ಅರ್ಥ ಬಿಡಿಸಿ ಹೇಳಿದ. ಸಾಹೇಬ ತುಂಬುಬಸುರಿಯನ್ನು ನೋಡಿದ, ಹಳ್ಳದ ಕೆಂಪು ನೀರನ್ನು ನೋಡಿದ, ಕಣ್ಣೆದುರು ನಿಂತಿದ್ದ ಊರನ್ನು ನೋಡಿದ. ಊರಿಲ್ಲ ಎಂದು ಬರೆಸಿದ್ದ ಆ ಮನುಷ್ಯನಿಗೆ ನಾಚಿಕೆಯಾಯಿತು ಎನ್ನುತ್ತಾರೆ. ಗುರವ್ವ ಇಳಿದಳು, ತಾಯಿ ಅಲ್ಲೇ ಹಳಿಯ ಪಕ್ಕದಲ್ಲೇ ಮಗಳ ದೃಷ್ಟಿ ತೆಗೆದಳು. ಇನ್ನು ಮುಂದೆ ಇಲ್ಲಿ ಬಂಡಿ ನಿಲ್ಲಲಿ, ಹೆಸರು ಬರೆದುಕೋ ಎಂದು ಸಾಹೇಬ ಅಪ್ಪಣೆ ಕೊಟ್ಟ. ವರದಯ್ಯ ಅಡಿವೆಪ್ಪನ ಹೆಸರು ಬರೆಯತೊಡಗಿದ.

"ತಡೀರಿ, ತಡೀರಿ!" ಎಂದು ತಿರಕವ್ವ ಕೂಗಿದಳು. "ಅದನ್ನ ಬರದ್ರ ಟಿಕೀಟ ಕೇಳುವಾಗ ನಾವೆಲ್ಲ ಏನಂತ ಕೇಳೂಣ್ರೀ? ಒಂದೊಂದು ಟಿಕೀಟಿಗೆ ಒಂದೊಂದು ಒಡಪು ಕಟ್ಟಿಕೋತ ನಿಂತ್ರ ಬಂಡಿ ಕಾಯ್ತೈತೇನು?"

ಹೆಂಗಸರೆಲ್ಲ ಹೌದೆಂದರು. ಗುಮಾಸ್ತ ಲೇಖನಿ ಎತ್ತಿ, "ಮತ್ತೆ ಏನು ಬರೆಯಲಮ್ಮಾ?" ಎಂದ.

"ಈಗ ನಾ ಹೇಳಿದೆನಲ್ಲ, ಅದಕ್ಕ ಏನಂತಾರ?"

"ಒಡಪು."

"ಅದನ್ನೇ ಬರೀರಿ. ಅದು ಯಾರ ಗಂಡನ ಹೆಸರೂ ಅಲ್ಲ."

ಹೀಗೆ ಒಡಪಿನಹಾಳವಾಯಿತು. ಅಂದು ಸಂಜೆ ಅಡಿವೆಪ್ಪ ಮೊಮ್ಮಗುವಿಗೆಂದು ತೊಟ್ಟಿಲ ಹಗ್ಗ ಹೊಸೆಯುತ್ತ, "ಬಾಳ ಲಗೂನ ಹೇಳಿದಿ ಅವಾಗ, ನನಗ ನೆಟ್ಟಗ ಕೇಳಲೇ ಇಲ್ಲ" ಎಂದನಂತೆ. "ಇನ್ನೊಮ್ಮೆ ಕೇಳಬೇಕಂದ್ರ ಇನ್ನೊಂದು ಬಂಡಿ ತರಿಸ್ರಿ" ಎಂದಳಂತೆ ತಿರಕವ್ವ. ಎಂಟನೆಯ ದಿನಕ್ಕೆ ಗುರವ್ವ ಹೆತ್ತಳು. ಗಂಡು ಕೂಸು, ಮಗಳ ಮಗನಿಗೆ ತಾಯಿಯ ತಂದೆಯ ಹೆಸರಿಡುವುದು ರೂಢಿಯಲ್ಲದಿದ್ದರೂ ಗುರವ್ವ ಹಟ ಹಿಡಿದು ತನ್ನ ತಂದೆಯ ಹೆಸರನ್ನೇ ಇಟ್ಟಳು.

ಆಮೇಲೆ ಹಳಿಗಳು ಅಗಲವಾದವು, ಹೊಗೆಯ ಬಂಡಿ ಹೋಗಿ ವಿದ್ಯುತ್ತಿನದು ಬಂತು. ಸಣ್ಣ ನಿಲ್ದಾಣಗಳನ್ನು ಮುಚ್ಚಿಸಲು ಅಧಿಕಾರಿಗಳು ಬಂದಾಗಲೆಲ್ಲ ಏರಿನ ಮೇಲೆ ಆರತಿಗಳ ಸಾಲು ಎದ್ದಿತಂತೆ. ಬಂದವರು ಒಡಪು ಕೇಳಿ, ಮಂಡಕ್ಕಿ ತಿಂದು, ನಗುತ್ತ ಹಿಂದಿರುಗಿದರು. ಇವತ್ತಿಗೂ ಅಲ್ಲಿಗೆ ಹೋದವರು ಕಾಣಬಹುದು: ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಬಂಡಿಯಿಂದ ಇಳಿದರೆ ಗಂಡನ ಹೆಸರಿಟ್ಟು ಒಂದು ಒಡಪು ಹೇಳಿಯೇ ಮೆಟ್ಟಿಲು ಇಳಿಯಬೇಕು. ಬಂಡಿ ನಿಲ್ಲುವುದು ಒಂದೇ ನಿಮಿಷ. ಆದರೂ ಅಂಥ ದಿನ ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಹೆಸರು ಬರುವತನಕ ಕಾಯುತ್ತಾನೆ. ನಿಲ್ದಾಣದ ಹಳದಿ ಹಲಗೆಯ ಮೇಲೆ, ಕರಿ ಅಕ್ಷರಗಳ ಕೆಳಗೆ, ಆರತಿಯ ಹೆಂಗಸರು ಹಚ್ಚುತ್ತ ಬಂದ ಅಂಗೈಯಗಲದ ಕುಂಕುಮದ ಗುರುತೊಂದಿದೆ. ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಯಲು ಬರುವವನು ಅದರ ಸುತ್ತ ಬಳಿದು, ಅದನ್ನು ಹಾಗೆಯೇ ಬಿಟ್ಟು ಹೋಗುತ್ತಾನೆ.