ನೂಲಣ್ಣನ ಮೋಡದ ಹೊದಿಕೆ

ಮಕ್ಕಳೇ, ಕಾಡಿನ ನಡುವೆ ಹರಿಯುವ ಒಂದು ಹೊಳೆಯ ದಡದಲ್ಲಿ ನೂಲಣ್ಣ ಎಂಬ ಗೀಜಗ ಹಕ್ಕಿ ಇದ್ದ. ಗೂಡು ನೇಯ್ದು ಮುಗಿದರೂ ಅವನ ಕೊಕ್ಕು ಸುಮ್ಮನಿರುತ್ತಿರಲಿಲ್ಲ. ಆಕಾಶ ನೋಡುವುದು, ಕಂಡದ್ದನ್ನು ಹೆಣೆಯುವುದು, ಅದೇ ಅವನ ಹುಚ್ಚು. ಒಂದು ಬೇಸಿಗೆಯ ಕೊನೆಗೆ ಬೂದು ಗರಿ, ಬಿಳಿ ಹುಲ್ಲೆಳೆ ಸೇರಿಸಿ ಒಂದು ಹೊದಿಕೆ ಹೆಣೆದ. ಹೊದ್ದು ನಡೆದರೆ ಥೇಟ್ ಮಳೆ ಸುರಿಸುವ ಮೋಡ!

ಪಕ್ಕದ ಬಿಲದ ಮುಂಗುಸಿ ಕೆಂಚ ಕುಣಿದಾಡಿಬಿಟ್ಟ. "ಒಂದೇ ಒಂದು ದಿನ ಕೊಡು ಮಾರಾಯ!"

"ತಗೊಂಡು ಹೋಗು. ಮುಳ್ಳಿಗೆ ಮಾತ್ರ ಸಿಕ್ಕಿಸಬೇಡ," ಎಂದ ನೂಲಣ್ಣ.

ಕೆಂಚ ಅದನ್ನು ಹೊದ್ದು ಹೊರಟಾಗ ಹೊಳೆಯ ತಿರುವಿನಲ್ಲಿ ಆನೆಗಳ ಹಿಂಡು ನಿಂತಿತ್ತು. ಹಿಂಡಿನ ಅಜ್ಜಿ ಸೊಂಡಿಲೆತ್ತಿ ಕೂಗಿತು, "ಅಬ್ಬಬ್ಬಾ, ಎಂಥ ಚೆಂದ! ಯಾರಪ್ಪಾ ಮಾಡಿದ್ದು?"

"ಇನ್ಯಾರು? ನಾನೇ!" ಕೆಂಚ ಎದೆಯುಬ್ಬಿಸಿದ.

"ಹಾಗಾದರೆ ನೀನೇ ನಮ್ಮನ್ನು ಕಾಪಾಡಬೇಕು. ಹೊಳೆ ತುಂಬುವ ಮುಂಚೆ ನಾವು ಆಚೆ ದಡ ಸೇರಬೇಕು. ನನ್ನ ಮೊಮ್ಮಗಳು ಡುಮ್ಮಿ ಗುಡುಗಿಗೆ ಹೆದರಿ ಹೆಜ್ಜೆಯೇ ಇಡುತ್ತಿಲ್ಲ. ಮೋಡದಂಥ ಬಟ್ಟೆ ತೊಟ್ಟರೆ ಧೈರ್ಯ ಬಂದೀತು. ಅವಳಿಗೂ ಒಂದು ಮಾಡಿಕೊಡು, ಬೇಗ!"

ಕೆಂಚನಿಗೆ ಹೆಣೆಯಲು ಬರುತ್ತಿರಲಿಲ್ಲ. ಆದರೂ ನಿಜ ಹೇಳಲಿಲ್ಲ. ಜೊಂಡಿಗೆ ಕೆಸರು ಮೆತ್ತಿ, ಗರಿ ಅಂಟಿಸಿ, ಮರಿಯ ತಲೆಗೆ ಹೊದಿಸಿದ.

ಗುಡುಗು! ಧೋ ಎಂದು ಮಳೆ! ಕೆಸರೆಲ್ಲ ಕರಗಿ ಡುಮ್ಮಿಯ ಕಣ್ಣಿಗೆ ಇಳಿಯಿತು.

"ಅಜ್ಜೀ, ಕಣ್ಣು ಕಾಣ್ತಿಲ್ಲ!" ಮರಿ ಚೀರುತ್ತಾ ಕಂಡಕಂಡ ಕಡೆ ಓಡಿತು. ಹೊಳೆ ಏರುತ್ತಲೇ ಇತ್ತು.

ಕೆಂಚ ಗೂಡಿನ ಕಡೆ ತಿರುಗಿದ. "ನೂಲಣ್ಣಾ, ಓಡಿ ಬಾ!" ಎಂದು ಅರಚಿದ. ಹಕ್ಕಿ ಹಾರಿ ಬಂದೊಡನೆ ಹೊದಿಕೆ ಕಳಚಿ ಮುಂದಿಟ್ಟ. "ಅಜ್ಜೀ, ನಾನು ಹೇಳಿದ್ದು ಸುಳ್ಳು. ಇದನ್ನು ಹೆಣೆದವನು ಇವನು!"

ಬಯ್ಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅಜ್ಜಿ ಮರಿಯ ಕಣ್ಣು ತೊಳೆಯಿತು. ನೂಲಣ್ಣ ಹೊದಿಕೆಯ ಅಂಚು ಬಿಚ್ಚಿ, ಹಗ್ಗದಂತೆ ಹೊಸೆದು, ಅದರಿಂದ ಹೊದಿಕೆಯನ್ನು ಡುಮ್ಮಿಯ ಹಣೆಗೆ ಬಿಗಿದ. ನೀರಿನಲ್ಲಿ ತನ್ನ ಬಿಂಬ ಕಂಡದ್ದೇ ತಡ, ಡುಮ್ಮಿ ಕಣ್ಣರಳಿಸಿದಳು.

"ಅಜ್ಜೀ, ನಾನೂ ಮೋಡ!"

ಮೇಲೆ ಗುಡುಗಿತು. ಡುಮ್ಮಿ ಪುಟ್ಟ ಸೊಂಡಿಲೆತ್ತಿ ಅದಕ್ಕಿಂತ ಜೋರಾಗಿ ಘೀಳಿಟ್ಟು, ಎಲ್ಲರಿಗಿಂತ ಮುಂದೆ ಹೊಳೆಗಿಳಿದಳು.

ನೀತಿ: ಇನ್ನೊಬ್ಬರ ಕೆಲಸವನ್ನು ತನ್ನದೆಂದು ಹೇಳಿಕೊಂಡರೆ ಹೊಗಳಿಕೆ ಸಿಗಬಹುದು, ಕೈಚಳಕ ಸಿಗುವುದಿಲ್ಲ.