ತೂತುಬಿದ್ದ ಕೊಡದ ಆಯ್ಕೆ

ವ್ಯವಹಾರ ಇಷ್ಟೇ: ಸಂಜೆಯೊಳಗೆ ತಳದ ತೂತು ಮುಚ್ಚಿದರೆ ತಾಮ್ರದ ಕೊಡ ಅಡುಗೆಮನೆಗೆ, ಇಲ್ಲವಾದರೆ ಗುಜರಿಗೆ.

ವೆಲ್ಡಿಂಗ್ ರಾಡು ಹೇಳಿತು: “ಕರೆಂಟಿನ ಕಿಡಿಯಲ್ಲಿ ನಾನೂ ಕರಗುತ್ತೇನೆ, ನಿಮ್ಮ ಅಂಚನ್ನೂ ಕರಗಿಸುತ್ತೇನೆ. ಆರಿದ ಮೇಲೆ ಇಬ್ಬರದೂ ಒಂದೇ ಮೈ.”

ತವರದ ಬೆಸುಗೆ ಹೇಳಿತು: “ಅಕ್ಕಾ, ನಿಮ್ಮದು ತೆಳು ಮೈ. ನೀವು ಕರಗುವುದೇ ಬೇಡ. ತುಸು ಬಿಸಿಯಾದರೆ ಸಾಕು, ನಾನೊಬ್ಬನೇ ಕರಗಿ ತೂತು ಮುಚ್ಚುತ್ತೇನೆ.”

ಕೊಡಕ್ಕೆ ತಲೆ ಕೆಟ್ಟಿತು. “ಒಬ್ಬ ಕರಗು ಅಂತಾನೆ, ಒಬ್ಬ ಬೇಡ ಅಂತಾನೆ. ಯಾರನ್ನಪ್ಪಾ ನಂಬಲಿ?”

“ಮೆತ್ತಗಿನವನ ಕೆಲಸವೂ ಮೆತ್ತಗೇ,” ಎಂದು ರಾಡು ನಕ್ಕಿತು.

“ಅದೂ ನಿಜ. ನೋವಿಲ್ಲದ್ದು ಎಂಥ ರಿಪೇರಿ?” ಎಂದ ಕೊಡ ರಾಡಿಗೇ ಮೈಯೊಡ್ಡಿತು.

ಕಿಡಿ ಹಾರಿತು. ಅಂಚು ಕರಗಿತು, ಕರಗುತ್ತಲೇ ಹೋಯಿತು.

ಕೊಡಕ್ಕೆ ದಕ್ಕಿದ್ದು: ಕಡಲೆ ಗಾತ್ರದ ತೂತಿಗೆ ಬದಲು ನಿಂಬೆಹಣ್ಣು ಗಾತ್ರದ ತೂತು, ಜೊತೆಗೆ ಗುಜರಿಯವನ ಗೋಣಿಚೀಲ.